ತಳವಿಲ್ಲದ ಚೀಲಗಳು

ಆ ಊರಿನಲ್ಲಿ ಹಳ್ಳದಿಂದ ಏನನ್ನು ಎತ್ತಿದರೂ ಅದು ಎತ್ತಿದವರದೇ. ಎತ್ತಿದ್ದನ್ನು ತಮ್ಮ ಮನೆಗೇ ಒಯ್ಯಬೇಕು, ತಮ್ಮ ಸೂರಿನ ಕೆಳಗೇ ಇಟ್ಟುಕೊಳ್ಳಬೇಕು. ಇನ್ನೊಬ್ಬರಿಗೆ ಕೊಡುವಂತಿಲ್ಲ, ಸುಡುವಂತಿಲ್ಲ, ಹೂಳುವಂತಿಲ್ಲ, ತಿರುಗಿ ನೀರಿಗೆ ಹಾಕುವಂತಂತೂ ಇಲ್ಲವೇ ಇಲ್ಲ. ಈ ಕಟ್ಟಳೆ ಮುರಿದವರ ಮನೆಗೆ ಊರಿನವರು ಯಾರೂ ಬೆಂಕಿ ಕೊಡುತ್ತಿರಲಿಲ್ಲ, ಮಾತು ಕೊಡುತ್ತಿರಲಿಲ್ಲ, ಹೆಣ ಹೊರಲು ಹೆಗಲು ಕೊಡುತ್ತಿರಲಿಲ್ಲ.

ಕಟ್ಟಳೆ ಹುಟ್ಟಿದ್ದು ಆಸೆಯಿಂದ. ಹಿಂದೆ ಹಳ್ಳ ಕಾಡಿನಿಂದ ತೇಗದ ದಿಮ್ಮಿ ತರುತ್ತಿತ್ತು, ತೆಂಗಿನಕಾಯಿ ತರುತ್ತಿತ್ತು, ಯಾವುದೋ ಊರಿನ ಯಾರದೋ ಮನೆಯ ಹಿತ್ತಾಳೆ ಕೊಡ ತರುತ್ತಿತ್ತು. ಮೇಲಿನ ಕೇರಿಯವರ ಮನೆಗಳು ಹಳ್ಳ ಊರಿಗೆ ಬರುವ ತಿರುವಿನಲ್ಲೇ ಇದ್ದವು. ಎಲ್ಲವೂ ಮೊದಲು ಸಿಕ್ಕುತ್ತಿದ್ದುದು ಅವರ ಕೈಗೆ. ಕೆಳಗಿನ ಕೇರಿಯವರು ಪಾಲು ಕೇಳಬಾರದೆಂದು ಅವರೇ ಕೂತು ಕಟ್ಟಳೆ ಮಾಡಿದರು, ಅವರೇ ಅದನ್ನು ದೇವರ ಮಾತು ಎಂದರು.

ಆಮೇಲೆ ಕಾಡು ಮುಗಿಯಿತು. ದೂರದ ಊರುಗಳವರು ತಮ್ಮ ಕೊಡಗಳನ್ನು ಭದ್ರವಾಗಿ ಹಿಡಿದುಕೊಳ್ಳಲು ಕಲಿತರು. ಹಳ್ಳ ಈ ಊರಿನವರು ಕೊಟ್ಟಿದ್ದನ್ನಷ್ಟೇ ಹೊತ್ತುಕೊಂಡು ಹೋಗತೊಡಗಿತು. ಊರಿನವರು ಕೈಬಿಚ್ಚಿ ಕೊಟ್ಟರು. ಎಂಜಲೆಲೆ ಕೊಟ್ಟರು, ಒಡೆದ ಬಕೆಟ್ಟು ಕೊಟ್ಟರು, ಬಾಡಿದ ಹಾರ, ಹಾಸಿಗೆಯ ಹತ್ತಿ, ಕಾಲು ಮುರಿದ ಕುರ್ಚಿ, ಗಂಟು ಕಟ್ಟಿದ ಪ್ಲಾಸ್ಟಿಕ್ ಕವರು ಕೊಟ್ಟರು. ಎಸೆಯಬಾರದೆಂದು ಒಂದು ಕಟ್ಟಳೆ ಮಾಡಲು ಯಾರಿಗೂ ಹೊಳೆಯಲಿಲ್ಲ. ಎಸೆಯುವುದರಿಂದ ಎಸೆದವರಿಗೆ ನಷ್ಟವೇನೂ ಇರಲಿಲ್ಲವಲ್ಲ.

ಹೀಗೆ ಹಳ್ಳ ತುಂಬಿತು. ಆಗ ಮೇಲಿನ ಕೇರಿಯವರಿಗೆ ನಾಚಿಕೆಯಾಯಿತು. ನಾಚಿಕೆಗೆ ಏನಾದರೂ ಮಾಡಲೇಬೇಕಲ್ಲ ಎಂದು ಅವರು ಸೇವೆ ಶುರುಮಾಡಿದರು.

ಸೇವೆ ನಡೆಯುತ್ತಿದ್ದುದು ಪ್ರತಿ ಏಳನೆಯ ದಿನ ಬೆಳಿಗ್ಗೆ. ಶಂಖ ಊದುತ್ತಿದ್ದರು. ನಲವತ್ತು ಮಂದಿ ಸೇವಕರು ಬಿಳಿ ಬಟ್ಟೆ ಉಟ್ಟು, ಬಿಳಿ ಕೈಗವಸು ತೊಟ್ಟು, ಸೊಂಟದ ಹಿಂದೆ ಆಳೆತ್ತರದ ಗೋಣಿಚೀಲ ಕಟ್ಟಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದರು. ನೀರಿನಲ್ಲಿ ಸಾಲಾಗಿ ನಿಲ್ಲುತ್ತಿದ್ದರು, ಮುಖ ದಂಡೆಯ ಕಡೆಗೆ, ಬೆನ್ನು ಹಳ್ಳದ ಕಡೆಗೆ. ದಂಡೆಯ ಮೇಲೆ ಊರೆಲ್ಲ ನಿಂತಿರುತ್ತಿತ್ತು. ಸೇವಕರು ಕೈಯನ್ನು ಹಿಂದಕ್ಕೆ ಹಾಕಿ ನೀರಿನಿಂದ ಒಂದು ವಸ್ತು ಹಿಡಿದು ತಲೆಯ ಮೇಲೆ ಎತ್ತುತ್ತಿದ್ದರು. ಊರು ಚಪ್ಪಾಳೆ ತಟ್ಟುತ್ತಿತ್ತು. ಎತ್ತಿದ್ದನ್ನು ಬೆನ್ನ ಹಿಂದಿನ ಚೀಲಕ್ಕೆ ಹಾಕುತ್ತಿದ್ದರು. ಮತ್ತೆ ಕೈ ಹಿಂದಕ್ಕೆ, ಮತ್ತೆ ತಲೆಯ ಮೇಲಕ್ಕೆ, ಮತ್ತೆ ಚಪ್ಪಾಳೆ.

ಸೇವೆ ಮಾಡುವವರು ಕೆಳಗೆ ನೋಡಬಾರದು, ಹಿಂದೆ ನೋಡಬಾರದು. ನೋಡಿದರೆ ಎತ್ತಿದ್ದು ಏನೆಂದು ತಿಳಿಯುತ್ತದೆ. ತಿಳಿದರೆ ಅದನ್ನು ಮನೆಗೆ ಒಯ್ಯಬೇಕಾಗುತ್ತದೆ.

ಆದ್ದರಿಂದ ಆ ನಲವತ್ತು ಚೀಲಗಳಿಗೆ ತಳ ಇರುತ್ತಿರಲಿಲ್ಲ. ಮೇಲೆ ಹಾಕಿದ್ದು ಕೆಳಗೆ ಜಾರಿ ಹಳ್ಳ ಸೇರುತ್ತಿತ್ತು. ಯಾರೂ ಅದನ್ನು ನೀರಿಗೆ ಹಾಕಿದಂತಾಗಲಿಲ್ಲ, ಅದು ತಾನೇ ಬಿತ್ತು. ಕಟ್ಟಳೆಯೂ ಉಳಿಯಿತು, ಸೇವೆಯೂ ನಡೆಯಿತು. ಅಲ್ಲಿ ಒಂದು ಎಡಗಾಲಿನ ಚಪ್ಪಲಿ ಇತ್ತು. ಊರಿನಲ್ಲಿ ಅದಕ್ಕೆ ಬಿದ್ದಷ್ಟು ಚಪ್ಪಾಳೆ ಯಾವ ಮನುಷ್ಯನಿಗೂ ಬಿದ್ದಿರಲಿಲ್ಲ.

ಆ ಚೀಲಗಳನ್ನು ಹೊಲಿಯುತ್ತಿದ್ದವಳು ಕೆಳಗಿನ ಕೇರಿಯ ಹೆಂಗಸು. ಊರಿನವರು ಅವಳನ್ನು ಚೀಲದವಳು ಎನ್ನುತ್ತಿದ್ದರು. ಒಂದು ದಬ್ಬಳ, ಒಂದು ಉಂಡೆ ಹುರಿ, ಇಷ್ಟರಿಂದ ಬದುಕು ಕಟ್ಟಿಕೊಂಡವಳು. ಅವಳಿಗೆ ಅಪ್ಪ ಬಿಟ್ಟುಹೋದದ್ದು ಏನೂ ಇರಲಿಲ್ಲ, ಗಂಡ ಬಿಟ್ಟುಹೋದದ್ದು ಅವಳನ್ನೇ. ಹಳ್ಳದ ಬದಿಯಲ್ಲಿ ಅವಳು ಒಂದು ಮನೆ ಕಟ್ಟಿದ್ದಳು. ಒಂದೇ ಕೋಣೆ, ಒಂದು ಜಗಲಿ, ಜಗಲಿಯಿಂದ ದಂಡೆಯ ದಾರಿಗೂ ನೀರಿಗೂ ಇಳಿಯಲು ಒಂಬತ್ತು ಮೆಟ್ಟಿಲು. ಆ ಮನೆಯ ಒಂದೊಂದು ಮಣ್ಣಿನ ಇಟ್ಟಿಗೆಯೂ ಎಷ್ಟು ಚೀಲಗಳ ಹೊಲಿಗೆ ಎಂದು ಅವಳ ಬೆರಳುಗಳಿಗೆ ಗೊತ್ತಿತ್ತು.

ಕೆಳಗಿನ ಕೇರಿಯಲ್ಲಿ ಹಳ್ಳ ಕಿರಿದಾಗುತ್ತದೆ. ಮೇಲಿನವರು ಎಸೆದದ್ದು, ಸೇವಕರು ಎತ್ತಿ ಜಾರಿಸಿದ್ದು, ಎಲ್ಲವೂ ಅಲ್ಲಿ ಬಂದು ಸಿಕ್ಕಿಕೊಂಡು, ಹಿಂದೆ ಸೇವೆಯ ಜಾಗದವರೆಗೂ ತುಂಬಿ ನಿಲ್ಲುತ್ತಿತ್ತು. ಮಳೆಗಾಲದ ನೀರಿಗೆ ದಾರಿ ಸಾಲದೆ ಅದು ಮೆಟ್ಟಿಲು ಹತ್ತುತ್ತಿತ್ತು. ವರ್ಷಕ್ಕೆ ಒಂದು ಮೆಟ್ಟಿಲು. ಹೋದ ಮಳೆಗಾಲದಲ್ಲಿ ಒಂಬತ್ತನೆಯದನ್ನೂ ಹತ್ತಿ, ಬಾಗಿಲ ಹತ್ತಿರ ಒಂದು ದಿನ ಕೂತು ಇಳಿದಿತ್ತು. ಬರುವ ಮಳೆಗೆ ಅದು ಒಳಗೆ ಬರುತ್ತದೆ, ಮಣ್ಣಿನ ಗೋಡೆಯನ್ನು ಕರಗಿಸಿಕೊಂಡು ಹೋಗುತ್ತದೆ. ಇದನ್ನು ತಿಳಿಯಲು ಅವಳಿಗೆ ಯಾವ ಜೋಯಿಸರೂ ಬೇಕಿರಲಿಲ್ಲ.

ಬೇಸಿಗೆಯ ಕೊನೆಯಲ್ಲಿ ಸೇವೆಯ ಯಜಮಾನರು ಮುಂದಿನ ಚೀಲಗಳಿಗೆ ಹೇಳಲು ಬಂದಾಗ ಅವಳು ಕೇಳಿದಳು.

"ಯಜಮಾನ್ರೇ, ಈ ಸಲ ತಳ ಹಾಕಿ ಕೊಡಲೇ?"

ಯಜಮಾನರು ನಕ್ಕರು. ಅವರು ನಗುವಾಗಲೂ ದಂಡೆಯ ಮೇಲೆ ಜನ ಇದ್ದಾರೇನೋ ಎಂಬಂತೆ ಮುಖ ಎತ್ತಿ ನಗುತ್ತಿದ್ದರು. "ತಳ ಹಾಕಿದರೆ ಭಾರ ಆಗುತ್ತದಲ್ಲಮ್ಮ. ಭಾರ ಆದರೆ ಸೇವೆಯಲ್ಲಿ ಮನಸ್ಸು ನಿಲ್ಲುವುದಿಲ್ಲ."

"ನನ್ನ ಮನೆ ನಿಲ್ಲುವುದಿಲ್ಲ."

"ನಿನ್ನ ಮನೆಗೂ ಸೇರಿಸಿಯೇ ನಾವು ಸೇವೆ ಮಾಡುತ್ತಿರುವುದು. ಬೆಳಿಗ್ಗೆ ಎದ್ದು ಬಂದು ನೋಡು ಒಂದು ದಿನ. ಕಣ್ಣಲ್ಲಿ ನೀರು ಬರುತ್ತದೆ."

"ಬರುತ್ತದೆ ಯಜಮಾನ್ರೇ. ಮನೆಯೊಳಗೇ ಬರುತ್ತದೆ."

ಅವರು ಅದನ್ನು ಕೇಳಿಸಿಕೊಳ್ಳದೆ ಮೆಟ್ಟಿಲಿಳಿದರು. ಪಕ್ಕದ ಮನೆಯ ಸೂಲಗಿತ್ತಿ ಮುದುಕಿ ಗೋಡೆಯಾಚೆ ಎಲೆಯಡಿಕೆ ಜಗಿಯುತ್ತ ಎಲ್ಲವನ್ನೂ ಕೇಳಿದ್ದಳು. ಕೆಳಗಿನ ಕೇರಿಯ ಅರ್ಧ ಜನರನ್ನು ಭೂಮಿಗೆ ತಂದವಳು ಅವಳು, ಹಾಗಾಗಿ ಯಾರಿಗೂ ಹೆದರುತ್ತಿರಲಿಲ್ಲ.

"ಬಾಯಿ ದೊಡ್ಡದು, ತಳ ಇಲ್ಲ," ಎಂದಳು ಮುದುಕಿ. "ಚೀಲಕ್ಕೆ ಅಳತೆ ಯಾರನ್ನು ನೋಡಿ ತೆಗೆದುಕೊಂಡೆ ಅಂತ ಈಗ ಗೊತ್ತಾಯ್ತು ಕಣೇ."

ಚೀಲದವಳು ದಬ್ಬಳ ತೆಗೆದುಕೊಂಡು ಕೂತಳು. ಆರು ದಿನ ಹೊಲಿದಳು. ನಲವತ್ತು ಚೀಲಗಳಿಗೂ ತಳ ಹಾಕಿದಳು, ಒಂದು ಹೊಲಿಗೆಯಲ್ಲ, ಮೂರು ಹೊಲಿಗೆ. ಬಾಯಿಯನ್ನು ಎಂದಿನಂತೆಯೇ ಮಡಿಸಿ ಮೇಲೆ ಕಾಣುವಂತೆ ಪೇರಿಸಿ ಇಟ್ಟಳು. ಅವರು ಬಾಯಿಯನ್ನಷ್ಟೇ ನೋಡುತ್ತಾರೆಂದು ಅವಳಿಗೆ ಗೊತ್ತಿತ್ತು.

ಏಳನೆಯ ದಿನ ಶಂಖ ಮೊಳಗಿತು. ನಲವತ್ತು ಮಂದಿ ಇಳಿದರು, ಬೆನ್ನು ಹಳ್ಳಕ್ಕೆ ಕೊಟ್ಟರು, ಕೈ ಹಿಂದಕ್ಕೆ ಹಾಕಿದರು. ಚಪ್ಪಲಿ ಮೇಲೆ ಬಂತು, ಚಪ್ಪಾಳೆ ಬಿತ್ತು. ಬಕೆಟ್ಟು ಮೇಲೆ ಬಂತು, ಚಪ್ಪಾಳೆ ಬಿತ್ತು. ಚೀಲಗಳು ನೀರಿನೊಳಗೆ ಸದ್ದಿಲ್ಲದೆ ಹೊಟ್ಟೆ ತುಂಬಿಕೊಂಡವು. ಸೇವಕರಿಗೆ ಸೊಂಟ ಜಗ್ಗಿತು. ಆದರೆ ಹಿಂದೆ ನೋಡುವಂತಿಲ್ಲ. ಇಷ್ಟು ವರ್ಷಗಳ ಪುಣ್ಯ ಈಗ ಭಾರವಾಗಿ ಕೂಡುತ್ತಿದೆ ಎಂದುಕೊಂಡು ಅವರು ಇನ್ನೂ ಎತ್ತರಕ್ಕೆ ಕೈ ಎತ್ತಿದರು. ಮಧ್ಯಾಹ್ನದ ಹೊತ್ತಿಗೆ ಹಿಂದಕ್ಕೆ ಹೋದ ಕೈಗಳು ಬರಿ ನೀರು ಹಿಡಿದು ಬಂದವು.

ಶಂಖ ಮತ್ತೆ ಮೊಳಗಿತು. ಯಜಮಾನರು ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಚೀಲ ಅವರನ್ನು ಹಿಂದಕ್ಕೆ ಎಳೆಯಿತು. ಅವರು ಊರೆಲ್ಲ ನೋಡುತ್ತಿದ್ದಂತೆ ನೀರಿನಲ್ಲಿ ಕುಕ್ಕರಿಸಿದರು. ಎದ್ದರು, ಮತ್ತೆ ಕುಕ್ಕರಿಸಿದರು. ಅವರ ಹಿಂದೆ ಮೂವತ್ತೊಂಬತ್ತು ಮಂದಿ ಒಬ್ಬರ ಮೇಲೊಬ್ಬರು ಕುಕ್ಕರಿಸಿದರು. ಊರಿಗೆ ಏನು ಮಾಡಬೇಕೆಂದು ತೋಚಲಿಲ್ಲ, ಅಭ್ಯಾಸದಿಂದ ಚಪ್ಪಾಳೆ ತಟ್ಟಿತು.

ಆಗ ಯಾರೋ ಹಿಂದೆ ನೋಡಿದರು. ಒಬ್ಬರು ನೋಡಿದ ಮೇಲೆ ಎಲ್ಲರೂ ನೋಡಿದರು. ಚೀಲಗಳಿಗೆ ತಳ ಇತ್ತು. ಎತ್ತಿದ್ದೆಲ್ಲವೂ ಚೀಲದಲ್ಲೇ ಇತ್ತು. ಕಟ್ಟಳೆಯಂತೆ ಅದು ಈಗ ಅವರದು, ಅವರ ಸೂರಿನ ಕೆಳಗೆ ಹೋಗಬೇಕಾದದ್ದು.

ಅಂದೇ ಸಂಜೆಯೊಳಗೆ ದಂಡೆಯ ಮೇಲೆ ನ್ಯಾಯ ಕೂಡಿತು. ಚೀಲದವಳನ್ನು ಕರೆಸಿದರು.

"ತಳ ಹಾಕಿದವಳು ನೀನೇನಾ?"

"ನಾನೇ. ಚೀಲಕ್ಕೆ ತಳ ಹಾಕುವುದು ಯಾವ ಕಟ್ಟಳೆಯಲ್ಲಿ ತಪ್ಪು ಹೇಳಿ."

ಯಾವ ಕಟ್ಟಳೆಯಲ್ಲೂ ಇರಲಿಲ್ಲ. ಎತ್ತಿದ್ದು ನಾವಲ್ಲ, ಕೈಗವಸು ಎಂದ ಒಬ್ಬ ಸೇವಕ. ಕೈಗವಸು ನಿನ್ನದೇ ಅಲ್ಲವೇನಯ್ಯ, ಸುಮ್ಮನೆ ಕೂತುಕೋ ಎಂದ ಇನ್ನೊಬ್ಬ. ಕೊನೆಗೆ ಯಜಮಾನರು ಒದ್ದೆ ಪಂಚೆಯಲ್ಲೇ ಎದ್ದು ನಿಂತರು.

"ನಾವು ಎತ್ತಿದೆವು ನಿಜ. ಆದರೆ ನಾವು ಎತ್ತಿದ್ದು ಎಂದೂ ಉಳಿದಿದ್ದಿಲ್ಲ, ಜಾರಿ ಹೋಗುತ್ತಿತ್ತು. ಇವತ್ತು ಉಳಿಸಿದ್ದು ಯಾವುದು? ತಳ. ತಳ ಯಾರದು? ಇವಳದು. ಉಳಿದದ್ದೆಲ್ಲ ಇವಳದೇ."

ಊರು ತಲೆದೂಗಿತು. ಅಷ್ಟು ಚೆನ್ನಾದ ನ್ಯಾಯವನ್ನು ಆ ಊರು ಬಹಳ ದಿನಗಳಿಂದ ಕೇಳಿರಲಿಲ್ಲ.

ಚೀಲದವಳಿಗೆ ತನ್ನ ಒಂದೇ ಕೋಣೆ ಕಣ್ಣ ಮುಂದೆ ಬಂತು. ಎದುರಿಗೆ ಹಳ್ಳವೂ ಕಾಣುತ್ತಿತ್ತು. ಅವಳು ಹುಟ್ಟಿದ ಮೇಲೆ ಮೊದಲ ಸಲ ಅದರ ಮರಳು ಕಾಣುತ್ತಿತ್ತು. ಬೇಡ ಎಂದರೆ ಇವರು ಹೇಗಾದರೂ ಮಾಡಿ ಇದನ್ನೆಲ್ಲ ಮತ್ತೆ ಅಲ್ಲಿಗೇ ಜಾರಿಸುತ್ತಾರೆ.

"ಆಯ್ತು," ಎಂದಳು. "ನನ್ನದೇ. ಇಷ್ಟು ಜನರ ಎದುರಿಗೆ ಹೇಳಿದ್ದೀರಿ. ನಾಳೆ ಬಂದು ಕೇಳಬೇಡಿ."

"ಕಸವನ್ನು ಯಾರಮ್ಮ ಕೇಳುತ್ತಾರೆ!" ಎಂದರು ಯಜಮಾನರು. ಊರು ನಕ್ಕಿತು.

ನಲವತ್ತು ಚೀಲಗಳನ್ನು ಅವಳೊಬ್ಬಳೇ ಎಳೆದು ತಂದಳು. ಕೋಣೆ ಸೂರಿನವರೆಗೆ ತುಂಬಿತು. ಒಲೆಯನ್ನು ಜಗಲಿಗೆ ತಂದಳು, ಚಾಪೆಯನ್ನು ಜಗಲಿಗೆ ತಂದಳು, ಹುರಿಯ ಉಂಡೆಯನ್ನು ಜಗಲಿಗೆ ತಂದಳು.

"ನಾತಕ್ಕೆ ಹೇಗಿರ್ತೀಯೇ ಇಲ್ಲಿ?" ಎಂದಳು ಸೂಲಗಿತ್ತಿ, ಮೂಗಿಗೆ ಸೆರಗು ಹಿಡಿದು.

"ನಾತಕ್ಕೆ ಮೂಗು ಒಗ್ಗುತ್ತದೆ ಅಕ್ಕ. ನೀರಿಗೆ ಗೋಡೆ ಒಗ್ಗುವುದಿಲ್ಲ."

"ನಿನ್ನ ಹಟಕ್ಕೆ ನಿನ್ನ ತಾಯಿ ಹೆರುವಾಗಲೇ ಮೂರು ದಿನ ನರಳಿದ್ದಳು. ಹೊರಗೆ ಬರೋದಿಲ್ಲ ಅಂತ ಕೂತಿದ್ದೆ."

"ಬರುವ ಊರು ಯಾವುದು ಅಂತ ಗೊತ್ತಿತ್ತೇನೋ."

ಮುಂದಿನ ಏಳನೆಯ ದಿನ ಶಂಖ ಮೊಳಗಿತು. ಊರು ದಂಡೆಯಲ್ಲಿ ನೆರೆಯಿತು. ನಲವತ್ತು ಮಂದಿ ಇಳಿದರು, ಬೆನ್ನು ಕೊಟ್ಟರು, ಕೈ ಹಿಂದಕ್ಕೆ ಹಾಕಿದರು. ಕೈಗೆ ಏನೂ ಸಿಗಲಿಲ್ಲ. ಎಡಕ್ಕೆ ಸರಿದರು, ಬಲಕ್ಕೆ ಸರಿದರು. ನೀರು ಬೆರಳುಗಳ ನಡುವೆ ತಣ್ಣಗೆ ಹರಿದು ಹೋಯಿತು. ಆ ವಾರ ಎಸೆದ ಅಷ್ಟಿಷ್ಟು ತಡೆಯಿಲ್ಲದೆ ಹರಿದುಹೋಗಿತ್ತು, ಒಂದು ಎಲೆ ಕೂಡ ಇಲ್ಲ. ದಂಡೆಯ ಮೇಲೆ ಕೈಗಳು ಚಪ್ಪಾಳೆಗೆ ತೆರೆದು ಹಾಗೇ ನಿಂತಿದ್ದವು. ಯಾರೋ ಕೆಮ್ಮಿದರು. ಯಾರೋ ಆಕಳಿಸಿದರು. ಸೇವಕರು ಬರಿಗೈಯಲ್ಲಿ ಮೆಟ್ಟಿಲು ಹತ್ತಿದರು. ಹತ್ತಿದವರ ಮುಖ ಹೆಣ ಸುಟ್ಟು ಬಂದವರ ಹಾಗಿತ್ತು.

ಅಂದು ಮಧ್ಯಾಹ್ನ ಯಜಮಾನರು ಅವಳ ಜಗಲಿಗೆ ಬಂದರು. ಈ ಸಲ ಮುಖ ಎತ್ತಿರಲಿಲ್ಲ.

"ತಾಯಿ," ಎಂದರು. ಅವಳನ್ನು ಅವರು ಹಾಗೆ ಕರೆದದ್ದು ಅದೇ ಮೊದಲು. "ಒಂದೆರಡು ಚೀಲ ಬಿಟ್ಟುಕೊಡು. ಹೆಚ್ಚು ಬೇಡ. ಸೇವೆ ನಿಂತುಹೋಗಿದೆ."

"ಕಸ ಇಲ್ಲವಲ್ಲ, ಇನ್ನು ಸೇವೆ ಯಾಕೆ?"

"ಕಸಕ್ಕೂ ಸೇವೆಗೂ ಏನು ಸಂಬಂಧವಮ್ಮ? ಸೇವೆ ಮನಸ್ಸಿನ ಶುದ್ಧಿಗೆ. ಏಳು ದಿನಕ್ಕೊಮ್ಮೆ ಹಳ್ಳಕ್ಕೆ ಇಳಿಯದಿದ್ದರೆ ನಮ್ಮವರಿಗೆ ಊಟ ಸೇರುವುದಿಲ್ಲ. ನಿನಗೂ ಒಳ್ಳೆಯದಲ್ಲವೇ? ನಿನ್ನ ಕೋಣೆ ಖಾಲಿ ಮಾಡಿಸಿ, ಸಾರಿಸಿ, ರಂಗೋಲಿ ಹಾಕಿಸಿ ಕೊಡುತ್ತೇವೆ."

ಅವಳು ಒಳಗೆ ನೋಡಿದಳು. ತುಂಬಿದ ಕೋಣೆ ಬಾಗಿಲವರೆಗೂ ಉಬ್ಬಿ ನಿಂತಿತ್ತು. ಅದರೊಳಗೆ ಅವಳು ಮಲಗುತ್ತಿದ್ದ ಜಾಗ ಎಲ್ಲಿತ್ತೆಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ. ಒಂದು ಮಾತು ಹೇಳಿದರೆ ಸಾಕು, ಇಂದೇ ಒಳಗೆ ಚಾಪೆ ಹಾಸಬಹುದು. ಮಳೆ ಬರುವವರೆಗೆ ಹಾಸಿಕೊಂಡಿರಬಹುದು.

"ಕೊಡುವಂತಿಲ್ಲ ಯಜಮಾನ್ರೇ," ಎಂದಳು. "ದೇವರ ಮಾತಂತೆ. ನೀವೇ ಹೇಳಿದ್ದು."

"ಒಂದು ಚಪ್ಪಲಿಯನ್ನಾದರೂ ಕೊಡು."

"ನಿಮ್ಮ ಕಾಲಲ್ಲೇ ಎರಡಿವೆಯಲ್ಲ."

ಗೋಡೆಯಾಚೆ ಮುದುಕಿಗೆ ಎಲೆಯಡಿಕೆ ನೆತ್ತಿಗೇರಿ ಕೆಮ್ಮು ಬಂತು.

ಯಜಮಾನರು ಹೋದರು. ಮಾರನೆಯ ದಿನ ಮೇಲಿನ ಕೇರಿಯಲ್ಲಿ ಡಂಗುರ ಹೊಡೆಸಿದರು. ಸೇವೆ ನಿಲ್ಲಬಾರದು, ಮನೆಗೊಂದು ಬುಟ್ಟಿ ಕಸ ಹಳ್ಳಕ್ಕೆ ಅರ್ಪಿಸಬೇಕು. ಅರ್ಪಿಸುವುದು ಎಂಬ ಮಾತು ಕೇಳಿದ ಮೇಲೆ ಯಾರು ತಡೆದಾರು? ಬುಟ್ಟಿಗಳಿಗೆ ಅರಿಶಿನ ಕುಂಕುಮ ಹಚ್ಚಿ ಹೊತ್ತು ತಂದರು. ಕಸ ಸಾಲದವರು ಒಳ್ಳೆಯ ಚಾಪೆ ಹರಿದು ತಂದರು, ಒಳ್ಳೆಯ ಗಡಿಗೆ ಒಡೆದು ತಂದರು. ಏಳನೆಯ ದಿನ ಸೇವೆ ಹಿಂದೆಂದಿಗಿಂತ ಜೋರಾಗಿ ನಡೆಯಿತು. ಚೀಲವೇ ಬೇಡವೆಂದು ತೀರ್ಮಾನವಾಗಿತ್ತು. ಎತ್ತಿದರು, ತೋರಿಸಿದರು, ಬೆರಳು ಸಡಿಲಿಸಿದರು. ಚಪ್ಪಾಳೆ ಕೆಳಗಿನ ಕೇರಿಯವರೆಗೂ ಕೇಳಿಸಿತು, ಅದರ ಹಿಂದೆಯೇ ಕಸವೂ ಬಂತು.

ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು.

ಚೀಲದವಳು ಮೆಟ್ಟಿಲಿಳಿದಳು. ಅವಳಿಗೆ ಕೈಗವಸು ಇರಲಿಲ್ಲ. ಮುಖವನ್ನು ಹಳ್ಳಕ್ಕೆ ಕೊಟ್ಟು, ಬೆನ್ನನ್ನು ಊರಿಗೆ ಕೊಟ್ಟು ಎತ್ತತೊಡಗಿದಳು. ಎತ್ತಿ ಜಗಲಿಗೆ ಒಯ್ದಳು. ಜಗಲಿ ಅರ್ಧ ತುಂಬಿತು, ಒಲೆ ಮುಚ್ಚಿತು. ಪೂರ್ತಿ ತುಂಬಿತು, ಚಾಪೆ ಮುಚ್ಚಿತು. ಈಗ ಅವಳ ಸೂರಿನ ಕೆಳಗೆ ಅವಳಿಗೇ ಜಾಗವಿರಲಿಲ್ಲ. ಹಳ್ಳದಲ್ಲಿ ಇನ್ನೂ ಅರ್ಧದಷ್ಟು ಉಳಿದಿತ್ತು. ಅವಳು ನೀರಿನಲ್ಲಿ ನಿಂತು, ಒಂದು ಒಡೆದ ಬುಟ್ಟಿಯನ್ನು ಎತ್ತಲೋ ಬೇಡವೋ ಎಂದು ತಿಳಿಯದೆ ಅದರ ಅಂಚು ಹಿಡಿದುಕೊಂಡಿದ್ದಳು. ಎತ್ತಿದರೆ ಇಡಲು ಜಾಗವಿಲ್ಲ. ಬಿಟ್ಟರೆ ಮನೆ ಉಳಿಯುವುದಿಲ್ಲ.

"ಆಚೆ ಸರಿ," ಎಂದಿತು ಹಿಂದಿನಿಂದ ಒಂದು ದನಿ.

ಸೂಲಗಿತ್ತಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದಿದ್ದಳು.

"ಬೇಡ ಅಕ್ಕ. ಎತ್ತಿದರೆ ನಿನ್ನ ಮನೆಗೇ ಒಯ್ಯಬೇಕಾಗುತ್ತದೆ."

"ನನಗೆ ಕಟ್ಟಳೆ ಹೇಳಿಕೊಡಬೇಡ. ಎಂಥೆಂಥದನ್ನೋ ಈ ಕೈಯಲ್ಲಿ ಹೊರಗೆಳೆದಿದ್ದೇನೆ, ಒಂದು ಬುಟ್ಟಿ ಭಾರವೇ?" ಎಂದು ಮುದುಕಿ ಬುಟ್ಟಿಯನ್ನು ಕಸಿದುಕೊಂಡಳು. "ನೀರು ನಿನ್ನ ಗೋಡೆ ತಿಂದ ಮೇಲೆ ನನ್ನ ಗೋಡೆಗೆ ಮುತ್ತಿಟ್ಟು ಬಿಡುತ್ತದೇನೆ?"

ಮುದುಕಿ ಇಳಿದದ್ದನ್ನು ಕೇರಿ ನೋಡಿತು. ಅವಳ ಕೈಯಲ್ಲಿ ಹುಟ್ಟಿದವರಿಗೆ ದಂಡೆಯ ಮೇಲೆ ನಿಂತು ನೋಡುವುದು ಕಷ್ಟವಾಯಿತು. ಒಬ್ಬಳು ಬಂದಳು, ಆಮೇಲೆ ಇಬ್ಬರು ಬಂದರು, ಆಮೇಲೆ ಗೊಣಗುತ್ತ ಗಂಡಸರೂ ಬಂದರು. ಶಂಖ ಮೊಳಗಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಲು ಯಾರ ಕೈಯೂ ಬಿಡುವಾಗಿರಲಿಲ್ಲ. ಸಂಜೆಯ ಹೊತ್ತಿಗೆ ಕೆಳಗಿನ ಕೇರಿಯ ಪ್ರತಿ ಮನೆಯಲ್ಲೂ ಒಂದು ಮೂಲೆ ನಾರುತ್ತಿತ್ತು, ಹಳ್ಳದ ಮರಳು ಕಾಣುತ್ತಿತ್ತು.

ಮಳೆ ಬಂತು. ನಾಲ್ಕು ದಿನ ಬಂತು. ನೀರು ಕೆಂಪಾಗಿ, ದಂಡೆಗೆ ದಂಡೆ ತುಂಬಿ ಬಂತು. ಚೀಲದವಳು ಮುದುಕಿಯ ಬಾಗಿಲಲ್ಲಿ ಕೂತು ತನ್ನ ಮೆಟ್ಟಿಲುಗಳನ್ನು ನೋಡುತ್ತಿದ್ದಳು. ನೀರು ಮೂರನೆಯ ಮೆಟ್ಟಿಲವರೆಗೆ ಹತ್ತಿತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಮುಂದೆ ದಾರಿ ಬಿಚ್ಚಿದ್ದರಿಂದ ಅವಳ ಮನೆಯ ಕಡೆ ತಿರುಗಿಯೂ ನೋಡದೆ ಹೋಯಿತು.

ಮಳೆ ಬಿಟ್ಟ ಮರುದಿನ ಮೇಲಿನ ಕೇರಿಯಲ್ಲಿ ಸಭೆ ನಡೆಯಿತು. ಸೇವೆಯ ಫಲದಿಂದ ಕೆಳಗಿನ ಕೇರಿ ಉಳಿಯಿತೆಂದು ಯಜಮಾನರು ಹೇಳಿದರು. ನಲವತ್ತು ಮಂದಿಗೂ ಹಾರ ಹಾಕಿದರು. ಆಮೇಲೆ, ದೊಡ್ಡ ಮನಸ್ಸಿನವರಾದ್ದರಿಂದ, ಚೀಲದವಳನ್ನೂ ಮರೆಯಬಾರದೆಂದು ಜರಿಯಂಚಿನ ಒಂದು ಶಾಲು ಹಿಡಿದು, ಊರನ್ನು ಹಿಂದೆ ಕಟ್ಟಿಕೊಂಡು ಅವಳ ಮನೆಗೆ ಬಂದರು.

ಅವಳು ಜಗಲಿಯ ಅಂಚಿನಲ್ಲಿ ಅಷ್ಟಿಷ್ಟು ಜಾಗ ಮಾಡಿಕೊಂಡು ಹೊಲಿಯುತ್ತಿದ್ದಳು.

"ತಾಯಿ, ನಿನಗೆ ಸನ್ಮಾನ ಮಾಡಬೇಕೆಂದು ಊರು ಬಂದಿದೆ."

"ಬನ್ನಿ. ಒಳಗೆ ಬನ್ನಿ, ಎಲ್ಲರೂ ಬನ್ನಿ. ನಿಮ್ಮದೇ ಸಾಮಾನು, ಗುರುತು ಸಿಗುತ್ತದೆ."

ಯಜಮಾನರು ಒಂದು ಮೆಟ್ಟಿಲು ಹತ್ತಿದರು. ಗಾಳಿ ತಿರುಗಿತು. ಅವರು ಶಾಲಿನಿಂದಲೇ ಮೂಗು ಮುಚ್ಚಿಕೊಂಡರು. ಇನ್ನೊಂದು ಮೆಟ್ಟಿಲು ಹತ್ತಲು ಆಗಲಿಲ್ಲ. ಶಾಲನ್ನು ಆ ಮೆಟ್ಟಿಲ ಮೇಲೆಯೇ ಇಟ್ಟು ಕೈಮುಗಿದರು. ಊರು ಚಪ್ಪಾಳೆ ತಟ್ಟಿತು. ಆಮೇಲೆ ಎಲ್ಲರೂ ಬೇಗಬೇಗ ಹೊರಟುಹೋದರು.

ಸ್ವಲ್ಪ ಹೊತ್ತಿನಲ್ಲಿ ಅದೇ ಗಾಳಿ ಶಾಲನ್ನು ಎತ್ತಿ ಹಳ್ಳಕ್ಕೆ ಹಾಕಿತು. ಅದು ನೀರಿನಲ್ಲಿ ಬಿಚ್ಚಿಕೊಂಡು ಹೋಗಿ, ಹಳ್ಳ ಕಿರಿದಾಗುವ ಕಡೆ ಒಂದು ಬೇರಿಗೆ ಸಿಕ್ಕಿಕೊಂಡಿತು. ಅದರ ಹಿಂದೆ ಒಂದು ಎಲೆ ಬಂದು ನಿಂತಿತು. ಎಲೆಯ ಹಿಂದೆ ಒಂದು ಕಡ್ಡಿ ಬಂದು ನಿಂತಿತು.

"ಲೇ, ನಿನ್ನ ಸನ್ಮಾನ ಹೋಗ್ತಾ ಇದೆ ಕಣೇ!" ಎಂದು ಮುದುಕಿ ಕೂಗಿದಳು.

ಚೀಲದವಳು ದಬ್ಬಳವನ್ನು ಗೋಣಿಗೆ ಚುಚ್ಚಿ ಇಟ್ಟಳು. ಇಳಿದು ಹೋಗಿ ಶಾಲನ್ನು ಬೇರಿನಿಂದ ಬಿಡಿಸಿದಳು. ಎಲೆ ಹೋಯಿತು, ಕಡ್ಡಿ ಹೋಯಿತು. ಅವಳು ಶಾಲನ್ನು ಹಿಂಡಿದಳು, ಬಿಡಿಸಿ ನೋಡಲಿಲ್ಲ. ಮೆಟ್ಟಿಲು ಹತ್ತಿ ಬಂದು, ಎಲ್ಲಿ ಜಾಗವಿದೆ ಎಂದು ಹುಡುಕಿ, ಒಡೆದ ಬಕೆಟ್ಟಿಗೂ ಹಾಸಿಗೆಯ ಹತ್ತಿಗೂ ನಡುವಿನ ಸಂದಿಯಲ್ಲಿ ಅದನ್ನು ಒತ್ತಿ ತುರುಕಿದಳು.